ಸುವಾರ್ತಮ್ಮ ಕಾದ ಕಾಲು

ಸಕ್ಕರೆ ಕಾಯಿಲೆ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಮೊದಲು ಎದ್ದು ಹೋಗಿ ನಿಮ್ಮ ಅಂಗಾಲು ನೋಡಿಕೊಂಡು ಬನ್ನಿ. ನಾನು ಎಲ್ಲಿಗೂ ಓಡಿಹೋಗುವುದಿಲ್ಲ. ಓಡುವಂಥ ಕಾಲೂ ನನ್ನವಲ್ಲ. ನನ್ನ ಎರಡು ಪಾದ ಸೇರಿ ಈಗ ಒಂಬತ್ತು ಬೆರಳಿವೆ. ಹತ್ತನೆಯದು ಹೋಗಿ ಎಂಟು ವರ್ಷವಾಯಿತು. ಉಳಿದ ಒಂಬತ್ತನ್ನು ಉಳಿಸಿದ್ದು ಡಾಕ್ಟರು ಅಂತ ನೆರೆಹೊರೆಯವರು ಹೇಳುತ್ತಾರೆ, ದೇವರು ಅಂತ ನಮ್ಮ ಸಭೆಯವರು ಹೇಳುತ್ತಾರೆ. ಇಬ್ಬರ ಪಾಲೂ ಇರಬಹುದು. ಆದರೆ ಆ ಇಬ್ಬರ ಬೆನ್ನು ಹತ್ತಿ ಕೆಲಸ ಮಾಡಿಸಿದವಳು ನನ್ನ ಹೆಂಡತಿ ಸುವಾರ್ತಮ್ಮ. ಹೋದ ವರ್ಷ ಆಕೆ ತೀರಿಕೊಂಡಳು. ಆಕೆಯ ಬಗ್ಗೆ ಚರ್ಚಿನಲ್ಲಿ ಎಲ್ಲರೂ ಒಳ್ಳೆಯ ಮಾತು ಆಡಿದರು, ಆದರೆ ಕಾಲಿನ ವಿಷಯ ಯಾರೂ ಎತ್ತಲಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ನನ್ನ ಹೆಸರು ಸಮುವೇಲಪ್ಪ. ನೀರಾವರಿ ಇಲಾಖೆಯಲ್ಲಿ ಕಾಲುವೆಯ ಗೇಟು ಏರಿಸುವುದು, ಇಳಿಸುವುದು ನನ್ನ ನೌಕರಿಯಾಗಿತ್ತು. ಮುನಿರಾಬಾದಿನ ಕ್ವಾರ್ಟರ್ಸಿನಲ್ಲಿ ಸಂಸಾರ, ಎಡದಂಡೆ ಕಾಲುವೆಯ ಮೇಲೆ ಬದುಕು. ಮೂವತ್ತು ವರ್ಷ ಆ ದಂಡೆಯ ಮೇಲೆ ನಡೆದಿದ್ದೇನೆ, ಅರ್ಧ ಆಯುಷ್ಯ ಬರಿಗಾಲಲ್ಲೇ. ಇಲಾಖೆಯಲ್ಲಿ ಯಾರಿಗೆ ಏನಿತ್ತೋ ನನಗೆ ಗೊತ್ತಿಲ್ಲ, ನನಗೆ ಕಾಲಿತ್ತು. ಆ ಕಾಲಿನ ಬಗ್ಗೆ ಸೊಕ್ಕೂ ಇತ್ತು. ನಿವೃತ್ತಿಯಾದ ಮೇಲೆ ಗಂಗಾವತಿಯಲ್ಲಿ ಸಣ್ಣ ಮನೆ ಕಟ್ಟಿಸಿಕೊಂಡೆವು. ಮಗ ಯೋಹಾನ ಅಲ್ಲೇ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದಾನೆ. ಅವನು, ಸೊಸೆ ಸರೋಜಾ, ಮೊಮ್ಮಗಳು ಬ್ಲೆಸ್ಸಿ ಎಲ್ಲರೂ ನಮ್ಮ ಜೊತೆಗೇ ಇದ್ದಾರೆ.

ಸುವಾರ್ತಮ್ಮ ಯಲಬುರ್ಗಾ ಕಡೆಯ ಹಳ್ಳಿಯವಳು. ಆಕೆಯ ಅಪ್ಪ ಸಭೆಯಲ್ಲಿ ಉಪದೇಶಿಯಾಗಿದ್ದವರು. ನಮ್ಮ ಮನೆಗೆ ಬರುವಾಗ ಒಂದು ಟ್ರಂಕು, ಒಂದು ಬೈಬಲು, ಮತ್ತು ಅಪ್ಪನಿಂದ ಬಂದ ಗಂಟಲು ತಂದಳು. ಆ ಗಂಟಲಿನ ವಿಷಯ ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಬೆಳಗಿನ ನಸುಕಿಗೇ ಎದ್ದು ಪ್ರಾರ್ಥನೆಗೆ ಕೂತರೆ ಆಕೆಯ ದೇವರಿಗೆ ಮಾತ್ರವಲ್ಲ, ಕ್ವಾರ್ಟರ್ಸಿನ ಆಚೆ ತುದಿಯವರಿಗೂ ಕೇಳಿಸುತ್ತಿತ್ತು. ಸಾಲಾಗಿ ಎಲ್ಲರ ಹೆಸರು ಬರುತ್ತಿತ್ತು. ಪಕ್ಕದ ಮನೆಯವರ ಎಮ್ಮೆ, ಇಂಜಿನಿಯರ ಸಾಹೇಬರ ಮಗಳ ಲಗ್ನ, ಮೂರನೇ ಮನೆಯ ಕುಡುಕ, ಅವನ ಹೆಂಡತಿ, ಎಲ್ಲರೂ. ಅಲ್ಲಿ ಯಾರ ಮನೆಯಲ್ಲಿ ಏನು ತೊಂದರೆ ಅಂತ ತಿಳಿಯಬೇಕಾದರೆ ಪತ್ರಿಕೆ ಓದಬೇಕಿರಲಿಲ್ಲ.

ಅಡುಗೆಗೆ ಅಕ್ಕಿ ತೊಳೆಯುವ ಮೊದಲು ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವುದು ನಮ್ಮ ಸಭೆಯ ಹೆಂಗಸರ ಪದ್ಧತಿ. ಅದು ದೇವರ ಪಾಲು, ಭಾನುವಾರ ಚರ್ಚಿಗೆ ಹೋಗುತ್ತದೆ, ಅಲ್ಲಿಂದ ಇಲ್ಲದವರ ಮನೆಗೆ. ಸುವಾರ್ತಮ್ಮನ ಹಿಡಿ ದೊಡ್ಡದು. ಮಕ್ಕಳು ಸಣ್ಣವಿದ್ದಾಗ ನಾನೊಮ್ಮೆ, "ಸ್ವಲ್ಪ ಸಣ್ಣ ಹಿಡಿ ಮಾಡ, ದೇವ್ರಿಗೇನು ಅಷ್ಟ ಹಸಿವಿ ಇರೂದಿಲ್ಲ" ಅಂದೆ. ಆವತ್ತು ರಾತ್ರಿ ನನ್ನ ತಾಟಿನಲ್ಲಿ ಸರಿಯಾಗಿ ಒಂದೇ ಹಿಡಿ ಅನ್ನ ಇತ್ತು. ಆಮೇಲೆ ನಾನು ಆ ವಿಷಯದಲ್ಲಿ ಬಾಯಿ ಹಾಕಲಿಲ್ಲ.

ತಾಯಿಯಾಗಿಯೂ ಹಾಗೆಯೇ. ಯೋಹಾನ ಎಂಟು ವರ್ಷದವನಿದ್ದಾಗ ಕಾಲುವೆಗೆ ಇಳಿದು ಈಜಲು ಹೋಗಿ ಸುಳಿಗೆ ಸಿಕ್ಕ. ಯಾರೋ ಎಳೆದು ಹಾಕಿದರು. ಆಕೆ ಓಡಿ ಬಂದು ಮೊದಲು ನಾಲ್ಕು ಬಾರಿಸಿದಳು, ಆಮೇಲೆ ಅಪ್ಪಿಕೊಂಡು ಅತ್ತಳು, ಆಮೇಲೆ ದೇವರಿಗೆ ಸ್ತೋತ್ರ ಹೇಳಿದಳು, ಸ್ತೋತ್ರ ಮುಗಿದ ಮೇಲೆ ಮತ್ತೆ ಎರಡು ಬಾರಿಸಿದಳು. ಹೊಡೆತ ಮತ್ತು ಪ್ರಾರ್ಥನೆ ಎರಡನ್ನೂ ಆಕೆ ಅರ್ಧಕ್ಕೆ ಬಿಡುವವಳಲ್ಲ.

ಸಕ್ಕರೆ ಕಾಯಿಲೆ ನನಗೆ ನಿವೃತ್ತಿಯ ವರ್ಷವೇ ಗೊತ್ತಾಗಿತ್ತು. ಗೊತ್ತಾಗಿತ್ತು ಅಷ್ಟೇ, ಒಪ್ಪಿಕೊಂಡಿರಲಿಲ್ಲ. ಸುವಾರ್ತಮ್ಮ ನೋಡುತ್ತಿದ್ದರೆ ಗುಳಿಗೆ ನುಂಗುತ್ತಿದ್ದೆ, ನೋಡದಿದ್ದರೆ ಕಿಸೆಗೆ ಹಾಕುತ್ತಿದ್ದೆ. ಬಟ್ಟೆ ಒಗೆಯುವಾಗ ಆಕೆಗೆ ಕಿಸೆಯಲ್ಲಿ ಕರಗಿದ ಗುಳಿಗೆ ಸಿಗುತ್ತಿತ್ತು. ಗಂಗಾವತಿಯಲ್ಲಿದ್ದು ಅನ್ನ ಬಿಡು ಅಂದರೆ ಯಾರು ಬಿಡುತ್ತಾರೆ? ಮಗ ಗಿರಣಿಯಿಂದ ಹೊಸ ಅಕ್ಕಿ ತರುತ್ತಿದ್ದ, ನಾನು ಎರಡು ಸಲ ಬಡಿಸಿಕೊಳ್ಳುತ್ತಿದ್ದೆ. ಇಷ್ಟರಲ್ಲಿ ಕಾಲು ಜೋಮು ಹಿಡಿಯತೊಡಗಿತು. ಕಲ್ಲು ಒತ್ತಿದರೂ, ಮುಳ್ಳು ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ. ಅದನ್ನು ನಾನು ಕಾಯಿಲೆ ಅಂದುಕೊಳ್ಳಲಿಲ್ಲ, ಗಟ್ಟಿತನ ಅಂದುಕೊಂಡೆ. ಚಹಾದಂಗಡಿಯಲ್ಲಿ ಕೂತು, "ಕಾಲುವಿ ಮ್ಯಾಲ ಅಡ್ಡಾಡಿದ ಕಾಲು ನೋಡ್ರಿ, ಮುಳ್ಳೇ ಮುರೀತೈತಿ" ಅಂತ ಕೊಚ್ಚಿಕೊಂಡಿದ್ದೇನೆ. ಈಗ ನೆನೆದರೆ ಚಪ್ಪಲಿಯಲ್ಲಿ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ, ಆದರೆ ಆ ಚಪ್ಪಲಿಯೂ ಈಗ ಮೆತ್ತನೆಯ ರಬ್ಬರಿನದು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಶುಭ ಶುಕ್ರವಾರದ ಹಿಂದಿನ ದಿನ, ಗುರುವಾರ ಸಂಜೆ, ನಮ್ಮ ಚರ್ಚಿನಲ್ಲಿ ಪಾದ ತೊಳೆಯುವ ಆರಾಧನೆ ಇರುತ್ತದೆ. ಕರ್ತನು ತನ್ನ ಹನ್ನೆರಡು ಶಿಷ್ಯರ ಪಾದ ತೊಳೆದ ನೆನಪಿಗೆ ಪಾಸ್ಟರು ಸಭೆಯ ಹನ್ನೆರಡು ಮಂದಿಯ ಪಾದ ತೊಳೆದು ಟವೆಲಿನಿಂದ ಒರೆಸುತ್ತಾರೆ. ದೀನತೆ ಕಲಿಸುವ ಆರಾಧನೆ ಅದು. ಆದರೆ ಹನ್ನೆರಡರಲ್ಲಿ ಕೂರುವುದು ಎಂಥ ಮರ್ಯಾದೆ ಅಂದರೆ, ಆ ಹೆಸರಿನ ಪಟ್ಟಿಗಾಗಿ ನಡೆಯುವ ಓಡಾಟ ಪಂಚಾಯತಿ ಚುನಾವಣೆಗೂ ನಡೆಯುವುದಿಲ್ಲ. ಸುವಾರ್ತಮ್ಮನ ಅಪ್ಪ ಯಲಬುರ್ಗಾ ಕಡೆ ಪ್ರತಿ ವರ್ಷ ಆ ಸಾಲಿನಲ್ಲಿ ಕೂರುತ್ತಿದ್ದರಂತೆ. ಮದುವೆಯಾದ ಮೊದಲ ವರ್ಷವೇ ಆಕೆ ನನಗೆ ಅದನ್ನು ಹೇಳಿದ್ದಳು, ಆಮೇಲೂ ಆಗಾಗ ಹೇಳುತ್ತಿದ್ದಳು. ಎಂಟು ವರ್ಷದ ಹಿಂದೆ, ಹಬ್ಬಕ್ಕೆ ಮೂರು ವಾರ ಇರುವಾಗ, ಪಾಸ್ಟರು ಪಟ್ಟಿ ಓದಿದರು. ಹನ್ನೊಂದನೆಯ ಹೆಸರು ನನ್ನದು. ಹೆಂಗಸರ ಕಡೆ ನೋಡಿದೆ. ಸುವಾರ್ತಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಆಕೆ ಅಷ್ಟು ಖುಷಿ ಪಟ್ಟದ್ದನ್ನು ನಾನು ಭಾಳ ವರ್ಷದಿಂದ ನೋಡಿರಲಿಲ್ಲ.

ಹೊರಗಿನವರಿಗೆ ಗೊತ್ತಿಲ್ಲದ ಒಂದು ಗುಟ್ಟು ಹೇಳುತ್ತೇನೆ. ಈ ಆರಾಧನೆಗೆ ಯಾರೂ ಕೊಳೆ ಕಾಲಿನಲ್ಲಿ ಬರುವುದಿಲ್ಲ. ಸಭೆಯ ಮುಂದೆ, ಪಾಸ್ಟರ ಕೈಯಲ್ಲಿ, ಹೆಂಡತಿಯ ಅಕ್ಕತಂಗಿಯರ ಎದುರು ಕೊಳೆ ಕಾಲು ಚಾಚುವುದುಂಟೇ? ಹನ್ನೆರಡು ಮಂದಿಯೂ ಮನೆಯಲ್ಲಿ ತಿಕ್ಕಿ ತೊಳೆದು, ಉಗುರು ಕತ್ತರಿಸಿ, ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬರುತ್ತಾರೆ. ಪಾಸ್ಟರು ತೊಳೆಯುವುದು ತೊಳೆದ ಕಾಲನ್ನು. ಹಿಂದಿನ ವರ್ಷ ಕೂತಿದ್ದ ರಾಜಪ್ಪನ ಹಿಮ್ಮಡಿ ಮದುಮಗಳ ಹಿಮ್ಮಡಿಯ ಹಾಗೆ ಇತ್ತು ಅಂತ ಹೆಂಗಸರು ಮಾತಾಡಿಕೊಂಡಿದ್ದರು. ಅದು ನನ್ನ ತಲೆಯಲ್ಲಿ ಕೂತಿತು.

ನನ್ನದು ಕಾಲುವೆ ಕಾಲು, ಹಿಮ್ಮಡಿ ಒಡೆದು ಬಿರುಕು ಬಿಟ್ಟಿದ್ದವು, ಎಡಗಾಲ ಕಿರುಬೆರಳ ಬುಡದಲ್ಲಿ ಒಂದು ದಪ್ಪ ಆಣಿ. ಮರುದಿನದಿಂದಲೇ ಬಚ್ಚಲಿನಲ್ಲಿ ಕೂತು ಬಿಸಿನೀರಿನಲ್ಲಿ ಕಾಲು ನೆನೆಹಾಕಿ ಒರಟು ಕಲ್ಲಿನಲ್ಲಿ ತಿಕ್ಕತೊಡಗಿದೆ. ನೀರು ಎಷ್ಟು ಬಿಸಿ ಇತ್ತೋ ಕಾಲಿಗೆ ಗೊತ್ತಾಗಲಿಲ್ಲ, ಕಲ್ಲು ಎಷ್ಟು ಆಳ ಹೋಯಿತೋ ಅದೂ ಗೊತ್ತಾಗಲಿಲ್ಲ. ನೋವಿಲ್ಲದ ಮೇಲೆ ತಿಕ್ಕಲಿಕ್ಕೆ ಏನು ಅಡ್ಡಿ? ನಾಲ್ಕನೇ ದಿನ ಕಲ್ಲಿಗೆ ರಕ್ತ ಹತ್ತಿತ್ತು. ಆಣಿ ಹೋಗಿ ಅಲ್ಲೊಂದು ತೂತು ಬಿದ್ದಿತ್ತು. ನಾನು ಅರಿಶಿನ ಮೆತ್ತಿ ಬಟ್ಟೆ ಕಟ್ಟಿದೆ, ಮೇಲೆ ಸಾಕ್ಸು ಹಾಕಿದೆ. ಹೇಳಬಹುದಿತ್ತು. ಹೇಳಿದರೆ ಆಕೆ ನೆಟ್ಟಗೆ ಪಾಸ್ಟರ ಹತ್ತಿರ ಹೋಗಿ ನನ್ನ ಹೆಸರು ತೆಗೆಸುತ್ತಿದ್ದಳು. ಬಾಯಿಗೆ ಸೆರಗು ಒತ್ತಿಕೊಂಡು ಕೂತವಳ ಮುಖ ಕಣ್ಣ ಮುಂದೆ ಇತ್ತು. ನಾನು ಸುಮ್ಮನಿದ್ದೆ.

ಎಪ್ರಿಲ್ ತಿಂಗಳು, ಗಂಗಾವತಿ ಬಿಸಿಲು, ಮುದುಕನೊಬ್ಬ ಮನೆಯಲ್ಲೂ ಸಾಕ್ಸು ಹಾಕಿಕೊಂಡು ಓಡಾಡುತ್ತಿದ್ದಾನೆ ಅಂದರೆ ಯಾರಿಗಾದರೂ ಅನುಮಾನ ಬರಬೇಕು. ಸುವಾರ್ತಮ್ಮ ಕೇಳಿದಳು. "ಕಾಲು ನುಣ್ಣಗ ಆಗಾಕ ಎಣ್ಣಿ ಹಚ್ಚೀನಿ, ಧೂಳಾಗಬಾರ್ದಂತ" ಅಂದೆ. ಆಕೆ ನಂಬಿದಳು. ನನ್ನ ಜೀವಮಾನದಲ್ಲಿ ಆಕೆ ನಂಬಿದ ಒಂದೇ ಸುಳ್ಳು ಅದು.

ಗುರುವಾರ ಸಂಜೆ ಬಂತು. ಹನ್ನೆರಡು ಕುರ್ಚಿ, ಹನ್ನೊಂದು ಜೋಡಿ ಹೊಳೆಯುವ ಬರಿಗಾಲು, ಒಂದು ಜೋಡಿ ಕರಿ ಸಾಕ್ಸು. ನಮ್ಮ ಪಾಸ್ಟರು ಹುಡುಗ ವಯಸ್ಸಿನವರು, ಸೊಂಟಕ್ಕೆ ಟವೆಲು ಕಟ್ಟಿಕೊಂಡು, ಬೋಗುಣಿ ಹಿಡಿದು ಒಬ್ಬೊಬ್ಬರ ಮುಂದೆ ಮಂಡಿಯೂರುತ್ತಾ ಬಂದರು. ನನ್ನ ಮುಂದೆ ಬಂದು ಮೆಲ್ಲಗೆ, "ಅಣ್ಣಾರ, ಸಾಕ್ಸ್" ಅಂದರು. "ಹಂಗೇ ಮ್ಯಾಲಿಂದ ನೀರು ಹಾಕಿಬಿಡ್ರಿ, ನಡೀತೈತಿ" ಅಂದೆ ನಾನು. ಅವರು ನಕ್ಕು, ನಾನು ದೀನತೆಯಿಂದ ನಾಚುತ್ತಿದ್ದೇನೆ ಅಂದುಕೊಂಡು, ತಾವೇ ಎಡಗಾಲಿನ ಸಾಕ್ಸು ಎಳೆದರು. ಅದು ಗಾಯಕ್ಕೆ ಅಂಟಿತ್ತು. ಇನ್ನೊಮ್ಮೆ ಎಳೆದರು, ಬಂತು. ಬೋಗುಣಿಯ ನೀರೆಲ್ಲ ಕೆಂಪಾಯಿತು.

ಪಾಸ್ಟರ ಮುಖ ಬಿಳಿಚಿತು. ಹಾಡು ನಿಂತಿತು. ಆಗ ಮುಂದಿನ ಸಾಲಿನಲ್ಲಿದ್ದ ಎಸ್ತೇರಮ್ಮ, ಸಭೆಯಲ್ಲೇ ಹಿರಿಯಳು, ಕಣ್ಣು ಅಷ್ಟಕ್ಕಷ್ಟೇ, ಎದ್ದು ನಿಂತು ಎರಡೂ ಕೈ ಎತ್ತಿ ಕೂಗಿದಳು.

"ಸ್ತೋತ್ರ! ಕರ್ತನ ಗಾಯ! ನಾಳೆ ಶುಭ ಶುಕ್ರವಾರ, ಇವತ್ತ ನಮ್ಮ ಸಮುವೇಲಪ್ಪನ ಕಾಲಾಗ ಕರ್ತನ ಗಾಯ ಮೂಡೇತ್ರೋ!"

ಹಿಂದಿನ ಸಾಲಿನ ನಾಲ್ಕೈದು ಹೆಂಗಸರು ಮೊಣಕಾಲೂರಿಯೇ ಬಿಟ್ಟರು. ಯಾರೋ ಅಳತೊಡಗಿದರು. ಪಕ್ಕದ ಕುರ್ಚಿಯ ರಾಜಪ್ಪ, ಆ ವರ್ಷವೂ ಕೂತಿದ್ದ ಆಸಾಮಿ, ಭಕ್ತಿಯಿಂದ ನನ್ನ ಭುಜ ಮುಟ್ಟಿದ. ಒಂದು ಕ್ಷಣ, ಸುಳ್ಳೇಕೆ ಹೇಳಲಿ, ನನಗೂ ಇದ್ದರೂ ಇರಬಹುದು ಅನ್ನಿಸಿತು. ಅಷ್ಟರಲ್ಲಿ ಸುವಾರ್ತಮ್ಮ ಎದ್ದು ಬಂದಳು. ಬಗ್ಗಿ ನನ್ನ ಕಾಲು ಎತ್ತಿ ನೋಡಿದಳು, ಮೂಸಿದಳು.

"ಎಸ್ತೇರಕ್ಕಾ, ಸುಮ್ನ ಕುಂದರ್ರಿ. ಕರ್ತನ ಗಾಯ ಹಿಂಗ ನಾತ ಹೊಡಿಯೂದಿಲ್ಲ. ಇದು ನಮ್ಮ ಮನಿಯವ್ರ ಗಾಯ."

ಆಮೇಲೆ ನನ್ನ ಕಡೆ ತಿರುಗಿದಳು. "ಎಷ್ಟಾತು ಇದಾಗಿ?"

"ಎರಡು" ಅಂದೆ.

"ಎರಡು ದಿನ?"

"ಮ್ಯಾಲ ಆಗೇತಿ."

"ಎರಡು ಏನ್ರಿ?"

"ವಾರ."

ಆಕೆ ಬೈಯಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. ಪಾಸ್ಟರ ಸೊಂಟದ ಟವೆಲು ಬಿಚ್ಚಿಸಿಕೊಂಡು ನನ್ನ ಕಾಲಿಗೆ ಸುತ್ತಿ, ಯೋಹಾನನ ಮೋಟಾರು ಸೈಕಲ್ಲಿನ ಮೇಲೆ ಕೂರಿಸಿ ಮನೆಗೆ ತಂದಳು. ಹನ್ನೆರಡನೆಯವನ ಕಾಲು ಆ ವರ್ಷ ಹಾಗೇ ಒಣದಾಗಿ ಉಳಿಯಿತು. ಆತ ಈಗಲೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಸುವಾರ್ತಮ್ಮ ಹುಟ್ಟಿದಾಗಿನಿಂದ ಶುಭ ಶುಕ್ರವಾರದ ಮೂರು ತಾಸಿನ ಆರಾಧನೆ ತಪ್ಪಿಸಿದವಳಲ್ಲ. ಆ ಶುಕ್ರವಾರ ಆಕೆ ಗಂಗಾವತಿಯ ಒಂದು ದವಾಖಾನೆಯ ಬೆಂಚಿನ ಮೇಲೆ ಕೂತಿದ್ದಳು. ರಜೆಯ ದಿನ, ಡಾಕ್ಟರು ಬರುವುದು ತಡ, ಬೆಂಚಿನ ತುಂಬ ಸಕ್ಕರೆಯವರು. ಒಬ್ಬರಿಗೊಬ್ಬರು ಯಾರದು ಎಷ್ಟಿದೆ ಅಂತ ಪಂಥ ಕಟ್ಟಿದವರ ಹಾಗೆ ಕೇಳಿಕೊಳ್ಳುತ್ತಿದ್ದರು. ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಆಕೆ ಚೀಲದಿಂದ ಬೈಬಲು ತೆಗೆದಳು. ಶಿಲುಬೆಯ ಮೇಲೆ ಕರ್ತನು ಆಡಿದ ಏಳು ಮಾತುಗಳನ್ನು ಒಂದೊಂದಾಗಿ ಓದಿ, ನನಗೊಬ್ಬನಿಗೇ ಅಂತ ವಿವರಿಸತೊಡಗಿದಳು. ಆಕೆಯ ಗಂಟಲಿನಲ್ಲಿ ಒಬ್ಬನಿಗೇ ಅನ್ನುವುದು ಇರಲಿಲ್ಲ. ಮೂರನೇ ಮಾತಿಗೆ ಬರುವಾಗ ಇಡೀ ಬೆಂಚು ಕೇಳುತ್ತಿತ್ತು. ಕಾಂಪೌಂಡರು ಬಂದು, "ಅಮ್ಮಾರ, ಸ್ವಲ್ಪ ಸಣ್ಣ ದನಿ" ಅಂದ. ಹಣೆಗೆ ವಿಭೂತಿ ಧರಿಸಿದ್ದ ಒಬ್ಬ ಭತ್ತದ ವ್ಯಾಪಾರಿ, "ಏ ಸುಮ್ನಿರೋ ಮಾರಾಯಾ, ಇನ್ನ ನಾಕು ಮಾತು ಅದಾವ" ಅಂತ ಅವನನ್ನೇ ಗದರಿದರು.

ಡಾಕ್ಟರು ನೋಡಿದರು, ಕೊಪ್ಪಳದ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಒಬ್ಬ ಡಾಕ್ಟರಮ್ಮ, ನಮ್ಮ ಮಗಳಾಗುವ ವಯಸ್ಸು, ಸಣ್ಣ ಕಡ್ಡಿಯಿಂದ ಗಾಯ ಮುಟ್ಟಿ, "ನೋವು ಐತೇನ್ರಿ?" ಅಂದಳು. "ಏನೂ ಇಲ್ರೀ" ಅಂತ ನಾನು ಜಂಬದಿಂದಲೇ ಹೇಳಿದೆ. "ಅದೇ ಕಾಯಿಲೆರಿ ಅಜ್ಜಾರ. ಎಲುಬಿನ ತನಕ ಕಡ್ಡಿ ಹೋಗಾಕತ್ತೈತಿ, ನಿಮಗ ಗೊತ್ತಾಗವಲ್ದು" ಅಂದಳು. ಕಿರುಬೆರಳು ತೆಗೆಯಲೇಬೇಕು. ಕೀವು ಪಾದದೊಳಗೆ ಎಷ್ಟು ಏರಿದೆಯೋ ನಾಲ್ಕೈದು ದಿನ ಔಷಧಿ ಕೊಟ್ಟು ನೋಡಬೇಕು. ಇಳಿಯದಿದ್ದರೆ ಮೊಣಕಾಲಿನ ಕೆಳಗೆ. ಆಕೆ ಅದನ್ನು ಮೆತ್ತಗೆ ಹೇಳಿದಳು, ಆದರೂ ಮೊಣಕಾಲು ಮೊಣಕಾಲೇ. ಉಗುರಿನಲ್ಲಿ ಹೋಗುವುದಕ್ಕೆ ನಾನೇ ಕೊಡಲಿ ತರಿಸಿಕೊಂಡಿದ್ದೆ.

ಆ ನಾಲ್ಕೈದು ದಿನ ನನಗೆ ಜೀವ ಹೋಗಿ ಬಂತು. ವಾರ್ಡಿನಲ್ಲಿ ಎಲ್ಲರೂ ಕಾಲಿನವರೇ. ಪಕ್ಕದ ಮಂಚದಲ್ಲಿ ಕುಷ್ಟಗಿಯ ಒಬ್ಬರು, ಶರಣಪ್ಪ ಅಂತ ಹೆಸರು, ಬಲಗಾಲು ಆಗಲೇ ಹೋಗಿತ್ತು. ಅವರು ಹಾಸಿಗೆಯಲ್ಲಿ ಕಾಲಿಲ್ಲದ ಜಾಗವನ್ನು ಕೈಯಿಂದ ತಡವುವುದನ್ನು ನೋಡಿ ನಾನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ. ನಡೆಯುವುದೊಂದೇ ನನಗೆ ಗೊತ್ತಿದ್ದ ವಿದ್ಯೆ. ಒಂದು ಮಧ್ಯಾಹ್ನ ತಡೆಯಲಾಗದೆ ಸಣ್ಣ ಹುಡುಗನ ಹಾಗೆ ಅತ್ತುಬಿಟ್ಟೆ. ಸುವಾರ್ತಮ್ಮ ನನ್ನ ತಲೆ ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಳು. ಗುರುವಾರದಿಂದ ಆಕೆ ನನಗೆ ಬೈದಿರಲಿಲ್ಲ. ಆಗ ಬೈದಳು.

"ನಾನು ಅಪ್ಪನ ಸುದ್ದಿ ಹೇಳಿದ್ದು ಹೌದು. ನಿಮ್ಮ ಕಾಲು ಹೋಗ್ಲಿ ಅಂತ ಹೇಳಿದ್ನೇನ್ರಿ? ಕುರ್ಚಿ ಮ್ಯಾಲ ಕುಂದ್ರಾಕ ಕಾಲು ಕೊಡ್ತಾರೇನ್ರಿ ಯಾರಾರ? ಇಷ್ಟ ವರ್ಷ ಬಾಳೇವು ಮಾಡಿ ನಂಗ ಇಷ್ಟ ತಿಳ್ಕೊಂಡೀರೇನ?"

ಆಮೇಲೆ ಕಣ್ಣೊರೆಸಿಕೊಂಡು ಪ್ರಾರ್ಥನೆ ಶುರು ಮಾಡಿದಳು. "ಕರ್ತನೇ, ನಿನ್ನ ದಾಸ ಸಮುವೇಲಪ್ಪನ ಎಡಗಾಲು ನೋಡು. ಕೊಪ್ಪಳದಾಗ ಐತಿ. ಎರಡನೇ ಮಾಳಿಗಿ, ಕಿಡಕಿ ಬಾಜೂ ಮಂಚ. ಎಡಗಾಲು ಕರ್ತನೇ, ಬಲಗಾಲು ಛಲೋ ಐತಿ."

ನಾನು ಅಳು ನಿಲ್ಲಿಸಿ, "ದೇವ್ರಿಗೆ ಎಡಾ ಬಲಾ ಗೊತ್ತಿಲ್ಲೇನ?" ಅಂದೆ.

"ಗೊತ್ತೈತಿ. ಆದ್ರ ಆತನಿಗೆ ಎಷ್ಟ ಮಂದಿ ಕೆಲಸ ಇರ್ತೈತಿ. ನಮ್ಮ ಕಡಿಂದ ಸ್ಪಷ್ಟ ಹೇಳಿರ್ಬೇಕು" ಅಂದಳು. ಶರಣಪ್ಪ ಆಚೆ ಮಂಚದಿಂದ, "ತಂಗೀ, ನಂದೂ ಒಂದು ಹೇಳಿಬಿಡವಾ, ನಂದೂ ಎಡಗಾಲೇ ಉಳಿದೈತಿ" ಅಂದರು. ಅಂದಿನಿಂದ ಇಡೀ ವಾರ್ಡಿನ ಕಾಲುಗಳು ಮಂಚದ ಗುರುತಿನ ಸಮೇತ ಆಕೆಯ ಪ್ರಾರ್ಥನೆಗೆ ಸೇರಿದವು.

ಬೆರಳು ತೆಗೆಯುವ ದಿನ ಆಕೆ ಡಾಕ್ಟರಮ್ಮನಿಗೆ ಇನ್ನೊಂದು ಬೇಡಿಕೆ ಇಟ್ಟಳು. ತೆಗೆದ ಬೆರಳು ತನಗೆ ಕೊಡಬೇಕು, ಗಂಗಾವತಿಯ ನಮ್ಮ ಸಮಾಧಿ ಜಾಗದಲ್ಲಿ ಹೂಳಬೇಕು.

"ಯಾಕ್ರಿ ಅಮ್ಮಾ?"

"ಪುನರುತ್ಥಾನದ ದಿನ ಎಲ್ಲಾರೂ ಎದ್ದು ಹೊಂಟಾಗ ಇವರು ಬೆರಳು ಹುಡುಕ್ಕೊಂತ ಕೊಪ್ಪಳಕ್ಕ ಬರ್ಬೇಕೇನ್ರಿ? ಮೊದ್ಲ ಎಲ್ಲಾದಕ್ಕೂ ತಡಾ ಮಾಡೋ ಮನುಷ್ಯಾ."

ಡಾಕ್ಟರಮ್ಮ ನಗಲಿಲ್ಲ, ಅದು ಆಕೆಯ ದೊಡ್ಡತನ. ಆಸ್ಪತ್ರೆಯ ನಿಯಮ ಬಿಡಿಸಿ ಹೇಳಿದಳು. ಸುವಾರ್ತಮ್ಮ ಒಂದು ನಿಮಿಷ ಯೋಚಿಸಿ, "ಹೋಗ್ಲಿ ಬಿಡ್ರಿ. ಮೊದಲನೇ ಬೆರಳು ಮಾಡಿದಾತಗ ಇನ್ನೊಂದು ಮಾಡೂದೇನು ಭಾರ ಅಲ್ಲ" ಅಂದಳು.

ಕೀವು ಇಳಿಯಿತು. ಕಾಲು ಉಳಿಯಿತು. ಮನೆಗೆ ಕಳಿಸುವಾಗ ಡಾಕ್ಟರಮ್ಮ ನನಗಲ್ಲ, ಆಕೆಗೆ ಹೇಳಿದಳು. "ಇನ್ನೊಮ್ಮೆ ಹುಣ್ಣಾತಂದ್ರ ಬೆರಳಿಗೆ ನಿಲ್ಲೂದಿಲ್ರಿ ಅಮ್ಮಾ. ಇವರಿಗೆ ಗೊತ್ತಾಗೂದಿಲ್ಲ. ದಿನಾ ಯಾರಾರ ಕಣ್ಣಿಂದ ನೋಡ್ಬೇಕು." ಸುವಾರ್ತಮ್ಮ ತಲೆಯಾಡಿಸಿದಳು. ಬಸ್ಸಿನಲ್ಲಿ ಕೂತ ಮೇಲೆ ನನಗೆ, "ಇನ್ನ ಮ್ಯಾಲ ಈ ಕಾಲು ನಿಮ್ಮದಲ್ಲ, ನಂದು. ನೀವು ಬರೇ ಇದರ ಮ್ಯಾಲ ನಿಂದರ್ರಿ" ಅಂದಳು.

ಅಲ್ಲಿಂದ ನನ್ನ ವನವಾಸ. ಮಗ ಅಕ್ಕಿ ಗಿರಣಿಯಲ್ಲಿ, ಅಪ್ಪನಿಗೆ ಜೋಳದ ರೊಟ್ಟಿ. ನನ್ನ ಪಾಲಿನ ಅಕ್ಕಿಯೂ ಆಕೆಯ ದೇವರ ಡಬ್ಬಿಗೆ ಹೋಗತೊಡಗಿತು. ಬರಿಗಾಲಿನಲ್ಲಿ ಬಚ್ಚಲಿಗೂ ಹೋಗುವಂತಿಲ್ಲ. ಚಪ್ಪಲಿ ಮೆಟ್ಟುವ ಮೊದಲು ಮೊಮ್ಮಗಳು ಬ್ಲೆಸ್ಸಿ ಅದನ್ನು ಬೋರಲು ಹಾಕಿ ಬಡಿದು, ಕಲ್ಲಿಲ್ಲ ಅಂತ ಹೇಳಬೇಕು. ಹಾಗೆ ಮಾಡಿ ಬೈಬಲಿನ ಒಂದು ವಚನ ಬಾಯಿಪಾಠ ಒಪ್ಪಿಸಿದರೆ ಅಜ್ಜಿಯಿಂದ ಒಂದು ತುಂಡು ಶೇಂಗಾ ಚಿಕ್ಕಿ. ಚಿಕ್ಕಿಯ ಆಸೆಗೆ ಆ ಹುಡುಗಿ ಅರ್ಧ ಕೀರ್ತನೆಗಳನ್ನು ಕಲಿತು ಮುಗಿಸಿತು. ನನಗೆ ಚಿಕ್ಕಿ ಇಲ್ಲ, ವಾಸನೆ ಮಾತ್ರ.

ಓಣಿಯ ಎದುರು ಮನೆಯ ಹುಸೇನಸಾಬರಿಗೆ ಸೈಕಲ್ಲು ಅಂಗಡಿ ಇದೆ. ನನ್ನನ್ನು ನೋಡಲು ಬಂದವರು ಎಲ್ಲ ಕೇಳಿಸಿಕೊಂಡು, "ಅರೆ ಸಮುವೇಲಣ್ಣಾ, ನಾವು ದಿನಕ್ಕ ಐದು ಸಲ ಕಾಲು ತೊಳೀತೀವಿ, ಬೆರಳ ಸಂದಿ ಸಂದಿ ಬಿಡಂಗಿಲ್ಲ. ನೀವು ವರ್ಷಕ್ಕೊಂದ ಸಲ ತೊಳೀತೀರಿ, ಅದೂ ಇನ್ನೊಬ್ರ ಕೈಲೆ. ಹುಣ್ಣಾಗದ ಏನಾಗ್ತೈತಿ?" ಅಂದರು. ತಮಾಷೆಗೆ ಅಂದದ್ದು. ಸುವಾರ್ತಮ್ಮ ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಮರುದಿನದಿಂದ ಮಸೀದಿಯಲ್ಲಿ ಬಾಂಗು ಆದಾಗಲೆಲ್ಲ, "ಬಾಂಗ್ ಆತು, ಕಾಲು ನೋಡ್ಕೋರಿ" ಅಂತ ಒಳಗಿನಿಂದ ಕೂಗು ಬರತೊಡಗಿತು. ಆಕಡೆ ಹುಸೇನಸಾಬರು ನಮಾಜಿಗೆ ಕಾಲು ತೊಳೆಯುವುದು, ಈಕಡೆ ನಾನು ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುವುದು. ನಮ್ಮ ಸಭೆಯ ಹಿರಿಯರೊಬ್ಬರು, "ಬಾಂಗ್ ಕೇಳಿ ಕಾಲು ನೋಡೂದು ಏನ್ರಿ ಸುವಾರ್ತಮ್ಮಾರ?" ಅಂತ ಆಕ್ಷೇಪ ಎತ್ತಿದರು. "ಗಡಿಯಾರದ ಜಾತಿ ಕೇಳಿ ಟೈಮ್ ನೋಡ್ತೀರೇನ್ರಿ ನೀವು?" ಅಂತ ಕೇಳಿ ಅವರಿಗೂ ಚಹಾ ಕೊಟ್ಟಳು.

ಕನ್ನಡಿಯಲ್ಲಿ ನಾನು ನೋಡುವುದನ್ನು ಆಕೆ ಪೂರ್ತಿ ನಂಬುತ್ತಿರಲಿಲ್ಲ. ಸುಳ್ಳು ಹೇಳಿದ ಬಾಯಿ ಇದು. ದಿನಕ್ಕೊಮ್ಮೆ, ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ, ಕನ್ನಡಕ ಹಾಕಿಕೊಂಡು, ಮೊಬೈಲಿನ ಬ್ಯಾಟರಿ ದೀಪ ಹೊತ್ತಿಸಿಕೊಂಡು ನನ್ನ ಕಾಲು ತೊಡೆಯ ಮೇಲಿಟ್ಟುಕೊಂಡು ತಾನೇ ನೋಡುತ್ತಿದ್ದಳು. ಮುಟ್ಟಿದ್ದು ನನಗೆ ತಿಳಿಯುತ್ತಿರಲಿಲ್ಲ, ಆದರೆ ನೋಡುತ್ತಿದ್ದೆ. ಏಳು ವರ್ಷ ಒಂದು ದಿನವೂ ತಪ್ಪಲಿಲ್ಲ. ಏಳು ವರ್ಷ ಒಂದು ಗುಳ್ಳೆಯೂ ಏಳಲಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ, ರೊಟ್ಟಿ ಬಡಿಯುತ್ತಿದ್ದವಳು ಎದ್ದು ಬಂದು ಎದೆ ಒತ್ತಿ ಹಿಡಿದಂತೆ ಆಗುತ್ತಿದೆ ಅಂದಳು. ಗ್ಯಾಸು ಅಂತ ತಾನೇ ಹೇಳಿ ಸೋಡಾ ತರಿಸಿಕೊಂಡು ಕುಡಿದಳು. ನಾನು, "ಮುಂಜಾನೆದ್ದು ಬರೇ ಚಹಾ ಕುಡೀತಿ, ಇನ್ನೇನಾಗ್ತೈತಿ" ಅಂತ ರೇಗಿದೆ. ಆಕೆ, "ಆತು ಬಿಡ್ರಿ, ಬೈಬ್ಯಾಡ್ರಿ" ಅಂದಳು. ಯೋಹಾನ ಗಾಡಿ ತರುವಷ್ಟರಲ್ಲಿ ಮುಗಿದಿತ್ತು. ಏಳು ವರ್ಷ ಆಕೆ ನನ್ನ ಅಂಗಾಲು ನೋಡಿದಳು, ನಾನು ಒಂದು ದಿನವೂ ಆಕೆಯ ಮುಖ ಸರಿಯಾಗಿ ನೋಡಲಿಲ್ಲ. ಇದನ್ನು ನಾನು ಯಾರ ಮೇಲೂ ಹಾಕುವುದಿಲ್ಲ, ನನ್ನ ತಪ್ಪು.

ಮಣ್ಣಿಗೆ ಬಂದವರನ್ನು ನೋಡಿ ನನಗೇ ಗಾಬರಿಯಾಯಿತು. ಮುನಿರಾಬಾದಿನ ಹಳೇ ಕ್ವಾರ್ಟರ್ಸಿನವರು ಒಂದು ಟೆಂಪೋ ತುಂಬ ಬಂದಿದ್ದರು. ಶರಣಪ್ಪ ಕುಷ್ಟಗಿಯಿಂದ ಕಟ್ಟಿಗೆ ಕಾಲಿನಲ್ಲಿ ಬಸ್ಸು ಹತ್ತಿ ಬಂದಿದ್ದರು. ಹುಸೇನಸಾಬರು ಅಂಗಡಿ ಮುಚ್ಚಿ ಹೆಣಕ್ಕೆ ಹೆಗಲು ಕೊಟ್ಟರು. ಕುಣಿಯ ಹತ್ತಿರ ಹಿಡಿ ಮಣ್ಣು ಹಾಕುವಾಗ ನಾನು ಚಪ್ಪಲಿ ಬಿಟ್ಟೆ. ಆಕೆಯ ಮೇಲೆ ಮಣ್ಣು ಹಾಕುವಾಗ ಚಪ್ಪಲಿ ಮೆಟ್ಟಿ ನಿಲ್ಲಲು ಮನಸ್ಸಾಗಲಿಲ್ಲ. ಬಿಸಿಲಿಗೆ ನೆಲ ಸುಡುತ್ತಿತ್ತು ಅಂತ ಆಮೇಲೆ ಎಲ್ಲರೂ ಹೇಳಿದರು.

ಮೂರನೇ ದಿನದ ಪ್ರಾರ್ಥನಾ ಕೂಟ ಮುಗಿದು, ನೆಂಟರೆಲ್ಲ ಉಂಡು, ಮಧ್ಯಾಹ್ನ ಮನೆ ಖಾಲಿಯಾಯಿತು. ನಾನು ಮಂಚದ ಮೇಲೆ ಕೂತಿದ್ದೆ. ಮೂರು ದಿನದಿಂದ ಕಾಲಿನ ನೆನಪೂ ನನಗಿರಲಿಲ್ಲ. ಕೂಗುವವಳೇ ಇಲ್ಲದ ಮೇಲೆ ಏನು ನೆನಪು? ಕಾಲು ಹೋದರೆ ಹೋಗಲಿ ಅಂತಲೂ ಒಂದು ಮನಸ್ಸು ಹೇಳಿತು, ನಿಜ ಹೇಳುತ್ತೇನೆ. ಆಗ ಸೊಸೆ ಸರೋಜಾ ಒಳಗಿನಿಂದ ಬಂದು ನೆಲದ ಮೇಲೆ ಕೂತಳು. ಮದುವೆಯಾಗಿ ಬಂದಾಗಿನಿಂದ ನನ್ನೆದುರು ಸೆರಗು ಹೊದೆಯದೆ ನಿಂತವಳಲ್ಲ, ಊಟಕ್ಕೆ ಬನ್ನಿ ಅನ್ನುವುದು ಬಿಟ್ಟು ಇನ್ನೊಂದು ಮಾತಾಡಿದವಳಲ್ಲ. ಕೈಯಲ್ಲಿ ಮೊಬೈಲು ಹೊತ್ತಿಸಿಕೊಂಡಿದ್ದಳು.

"ಮಾವಾರ, ಕಾಲು ಕೊಡ್ರಿ."

ನಾನು ಕಾಲು ಮಂಚದ ಮೇಲೆ ಎಳೆದುಕೊಂಡೆ. "ಬ್ಯಾಡವಾ. ನೀ ಮನಿ ಸೊಸಿ. ನಿನ್ನ ಕೈಯಾಗ ನಾ ಕಾಲು ಕೊಡಬಾರ್ದು."

"ಕೊಡಬಾರ್ದಂದ್ರ ಹೆಂಗ್ರಿ? ನಾ ಏನು ಹೊಸದಾಗಿ ಹಿಡೀತೀನೇನು? ಎರಡು ವರ್ಷ ಆತು."

ನನಗೆ ಅರ್ಥವಾಗಲಿಲ್ಲ. ಆಕೆ ತಲೆ ತಗ್ಗಿಸಿಕೊಂಡೇ ಹೇಳಿದಳು.

"ನೀವು ಮಧ್ಯಾಹ್ನ ಉಂಡು ಮಲಗಿ ಗೊರಕಿ ಹೊಡಿಯುವಾಗ ಅತ್ತಿ ನನ್ನ ಕರೀತಿದ್ರು. ಇಲ್ಲಿ ಒತ್ತು, ಇಲ್ಲಿ ಬೆರಳ ಸಂದಿ ಅಗಲಿಸಿ ನೋಡು, ಕೆಂಪಾದ್ರ ಹಿಂಗಿರ್ತೈತಿ, ಬಿಸಿ ಐತೇನು ಕೈ ಹಿಂದ ಮಾಡಿ ಮುಟ್ಟು ಅಂತ ಎಲ್ಲಾ ನನ್ನ ಕೈಲೆ ಮಾಡಿಸ್ತಿದ್ರು. ನಿಮಗ ಗೊತ್ತಾಗೂದಿಲ್ಲಲ್ರಿ, ಒಂದಿನಾನೂ ಎಚ್ಚರಾಗಲಿಲ್ಲ. ಮಾವಾರು ಎದ್ರ ಏನ್ರಿ ಅತ್ತಿ ಅಂತ ನಾ ಅಂಜತಿದ್ದೆ. ಏಳೂದಿಲ್ಲ, ಕಲಿ, ನಾ ಇಲ್ಲದಾಗ ಈ ಮನುಷ್ಯಾ ಹೇಳೂದಿಲ್ಲ, ಮುಚ್ಚಿಡ್ತಾನ ಅಂತಿದ್ರು."

ಸರೋಜಾ ಮಂಚದ ಮೇಲಿಂದ ನನ್ನ ಎಡಗಾಲನ್ನು ತಾನೇ ಇಳಿಸಿ ತೊಡೆಯ ಮೇಲಿಟ್ಟುಕೊಂಡಳು. ಹಿಮ್ಮಡಿ ನೋಡಿದಳು, ಬೆರಳ ಸಂದಿ ಅಗಲಿಸಿದಳು, ಕೈ ಹಿಂದೆ ಮಾಡಿ ಮುಟ್ಟಿದಳು. ಹೆಬ್ಬೆರಳಿನ ಕೆಳಗೆ ಬೆಳಕು ನಿಂತಿತು.

"ಇಲ್ಲಿ ಗುಳ್ಳಿ ಎದ್ದೈತಿ. ಮೊನ್ನಿ ಅತ್ತಿ ಇದ್ದಾಗ ಇರಲಿಲ್ಲ. ಕುಣಿ ಹತ್ರ ಚಪ್ಪಲ್ ಬಿಟ್ಟಿದ್ರಿ ಹೌದಿಲ್ರಿ?"

"ಹೌದವಾ" ಅಂದೆ.

"ಮುಚ್ಚಿಡಬ್ಯಾಡ್ರಿ ಮಾವಾರ. ಇವರು ಬಂದ ಕೂಡ್ಲೆ ದವಾಖಾನಿಗೆ ಹೋಗೂಣು."

ಮಣ್ಣಿನ ದಿನ ನನಗೆ ಅಳು ಬಂದಿರಲಿಲ್ಲ, ಜನ ಏನಂದುಕೊಂಡರೋ. ಆಗ ಬಂತು. ಸೊಸೆಯ ಮುಂದೆ, ಹಗಲು ಹೊತ್ತಿನಲ್ಲಿ, ಮುಖ ಮುಚ್ಚಿಕೊಳ್ಳದೆ ಅತ್ತೆ. ಆಕೆ ಎಡಗಾಲಿಗೆ ಬಟ್ಟೆ ಸುತ್ತುತ್ತಿದ್ದಳು. ಸುತ್ತಿ ಮುಗಿಯುವ ಮೊದಲೇ, ಕೇಳುವ ಮೊದಲೇ, ನಾನು ಬಲಗಾಲನ್ನೂ ಎತ್ತಿ ಆಕೆಯ ಕೈಗೆ ಕೊಟ್ಟೆ.